ದಿವಾನ್ ವಿಶ್ವೇಶ್ವರಯ್ಯನವರು

ಯೋಜನೆಯಿಂದ ದೇಶದ ಬಡತನವನ್ನು ನೀಗಬಹುದೆಂದು ನಂಬಿದ ಮಹನೀಯರು ಸರ್ ಎಂ. ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯಲ್ಲಿ ಜನಿಸಿ, ಮನೆಪಾಠ ಹೇಳಿಕೊಂಡೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವೀಧರರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದು ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸ್ಥಾಪನೆಗೆ ಕಾರಣರಾದರು. ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಮೀಸಲಾತಿಯಿತ್ತರೆ ದಕ್ಷತೆ ಕುಂದೀತೆಂದು ಅದನ್ನು ಒಪ್ಪದೆ ದಿವಾನಗಿರಿಯನ್ನೇ ಬಿಟ್ಟರು. ಬೇಸಾಯವನ್ನೇ ನೆಚ್ಚಿದವರಲ್ಲಿ ಹಲವರನ್ನು ಕೈಗಾರಿಕೆಗೆ ತಿರುಗಿಸಿ, 10 ವರ್ಷಗಳಲ್ಲಿ ರಾಷ್ಟ್ರದ ಆದಾಯವನ್ನು ಇಮ್ಮಡಿಗೊಳಿಸುವ ಯೋಜನೆಯನ್ನು 1934ರ ಗ್ರಂಥದಲ್ಲಿ ಮುಂದಿಟ್ಟರು. 1962ರಲ್ಲಿ ನಿಧನರಾದರು.

ನನ್ನ ತಂದೆಯವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ. ಮೀಸಲಾತಿಯಿಂದ ಸೀಟು ದೊರೆತು, ನಮ್ಮ ಮನೆಯಲ್ಲಿ ಮೊದಲಿಗೆ ಪದವಿಯ ಹೊಸ್ತಿಲಿಗೆ ಬಂದವನು ನಾನು. ಕೈಗಾರಿಕೆಯ ದಾರಿ ತೋರಿದ್ದಕ್ಕಾಗಿ ಅವರಿಗೆ ನಮಸ್ಕರಿಸುತ್ತೇನೆ. ಮೀಸಲಾತಿಯ ವಿಷಯದಲ್ಲಿ ಮಾತ್ರ ಅವರನ್ನು ಒಪ್ಪಲಾರೆ. ಬೆಳೆದ ಆದಾಯ ನಮ್ಮಂಥವರ ಮನೆ ಮುಟ್ಟಲು ಅದೂ ಬೇಕಿತ್ತು.