ಒಕ್ಕಲಿಗೆ ಹಕ್ಕು ಕೊಡಿಸಿದ ದೇವರಾಜ ಅರಸರು

ನೆಲವನ್ನು ಉಳುವವನು ಒಬ್ಬನು. ಅದೇ ನೆಲದ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ದೂರದ ಪಟ್ಟಣದಲ್ಲಿ ವಾಸಿಸುವವನು ಮತ್ತೊಬ್ಬನು. ಇವರಿಬ್ಬರಲ್ಲಿ ನೆಲವು ಯಾರದೆಂಬ ವ್ಯಾಜ್ಯವು ಅನೇಕ ದೇಶಗಳಲ್ಲಿ ನಡೆದದ್ದುಂಟು. ಅಮೇರಿಕದ ಸೇನಾಪತಿಯಾಗಿದ್ದ ಜಾರ್ಜ್ ವಾಷಿಂಗ್ಟನ್ ಎಂಬಾತನು ಪೆನ್ಸಿಲ್ವೇನಿಯ ಸೀಮೆಯ ಪಶ್ಚಿಮದ ಕಾಡಿನಲ್ಲಿ ಬಹು ಎಕರೆ ಭೂಮಿಗೆ ಪತ್ರ ಮಾಡಿಸಿಕೊಂಡು, ತಾನು ದೂರದ ವರ್ಜೀನಿಯದಲ್ಲಿ ವಾಸವಾಗಿದ್ದನು. ಅಷ್ಟರಲ್ಲಿ ಕೆಲವು ಕುಟುಂಬಗಳು ಅಲ್ಲಿಗೆ ಬಂದು, ಮರ ಕಡಿದು, ಹೊಲಮಾಡಿ, ಮನೆ ಕಟ್ಟಿಕೊಂಡವು. 1784ರಲ್ಲಿ ಅವನು ಅಲ್ಲಿಗೆ ಹೋಗಿ ಅವರ ಸಂಗಡ ಮಾತಾಡಿದರೂ ಒಪ್ಪಂದವಾಗಲಿಲ್ಲ. 1786ರಲ್ಲಿ ನ್ಯಾಯಸ್ಥಾನವು ಪತ್ರವಿದ್ದವನ ಪಕ್ಷವಾಗಿ ತೀರ್ಪು ಕೊಟ್ಟದ್ದರಿಂದ, ಬೆವರು ಸುರಿಸಿದವರು ಆ ನೆಲವನ್ನು ಬಿಟ್ಟುಹೋಗಬೇಕಾಯಿತು. ನಮ್ಮ ಕನ್ನಡ ನಾಡಿನಲ್ಲಿಯಾದರೋ ಇಂಥ ವ್ಯಾಜ್ಯವನ್ನು ಉಳುವವನ ಪಕ್ಷಕ್ಕೆ ತಿರುಗಿಸಿದವರು ಒಬ್ಬರಿದ್ದರು. ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ಡಿ. ದೇವರಾಜ ಅರಸರು 1915ನೇ ಆಗಸ್ಟ್ 20ರಂದು ಹುಟ್ಟಿದರು. ಅವರ ಊರು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಅವರ ಕುಲವು ಅರಮನೆಗೆ ನಂಟುಳ್ಳದ್ದು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ವಿದ್ಯೆ ಕಲಿತು ಬಿ.ಎಸ್ಸಿ. ಪದವಿ ಹೊಂದಿದ ಮೇಲೆ ಅವರು ಊರಿಗೆ ಹಿಂದಿರುಗಿ ಬೇಸಾಯಕ್ಕೆ ಕೈಹಾಕಿದರು. ಆದಕಾರಣ ಮಳೆ, ಬೆಳೆ, ಸಾಲ, ಗೇಣಿ ಎಂಬವುಗಳು ಅವರಿಗೆ ಪುಸ್ತಕದಿಂದ ತಿಳಿದ ಸಂಗತಿಗಳಾಗಿರಲಿಲ್ಲ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ, 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡು, 1952ರಲ್ಲಿ ಹುಣಸೂರಿನಿಂದ ಶಾಸನಸಭೆಗೆ ಆರಿಸಲ್ಪಟ್ಟರು. 1972ನೇ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಾದರು.

ಆ ಕಾಲದಲ್ಲಿ ಗೇಣಿಯ ಒಕ್ಕಲಿನ ಸ್ಥಿತಿ ಹೇಗಿತ್ತಂದರೆ, ಅಜ್ಜನ ಕಾಲದಿಂದ ಗದ್ದೆ ಮಾಡಿದರೂ ಅವನ ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಗೇಣಿಯ ಕರಾರು ಬಾಯಿಮಾತಿನದು. ಭತ್ತ ಅಳೆದುಕೊಟ್ಟದ್ದಕ್ಕೆ ರಸೀತಿ ಇಲ್ಲ. ಒಡೆಯನು ಬೇಡವೆಂದರೆ ಅವನು ಗದ್ದೆಯಿಂದ ಏಳಬೇಕು. ಸಾಗರದ ಕಾಗೋಡು ಗ್ರಾಮದ ಗೇಣಿದಾರರು ಇದನ್ನು ತಾಳಲಾರದೆ 1951ರಲ್ಲಿ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದ್ದರು. 1961ರಲ್ಲಿ ಭೂಸುಧಾರಣೆಯ ಕಾಯಿದೆ ಒಂದಾಯಿತು. ಆದರೆ ಸ್ವಂತ ಸಾಗುವಳಿಗೆ ಬೇಕೆಂಬ ನೆವದಿಂದ ಭೂಮಿಯನ್ನು ಹಿಂದಕ್ಕೆ ತಕ್ಕೊಳ್ಳುವದಕ್ಕೆ ಒಡೆಯರಿಗೆ ಅದರಲ್ಲಿ ದಾರಿಯಿತ್ತು.

ಅರಸರು ಈ ಕಾಯಿದೆಯನ್ನು ತಿದ್ದಿಸಿದರು. 1974ನೇ ಮಾರ್ಚಿ 1ರಿಂದ ಗೇಣಿಯ ಭೂಮಿಯೆಲ್ಲಾ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕನ್ನು ಕೇಳಬಹುದಾಗಿತ್ತು. ಇದನ್ನು ವಿಚಾರಿಸುವದಕ್ಕೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು. ಅವರ ಸಂಗಡ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಯಾಕಂದರೆ ಬಡವನಿಗೆ ವಕೀಲನನ್ನಿಡುವ ಶಕ್ತಿ ಎಲ್ಲಿಂದ ಬಂದೀತು? ಪತ್ರವಿಲ್ಲದ ಒಕ್ಕಲಿಗೆ ನೆರೆಹೊಲದವರ ಸಾಕ್ಷಿಯೇ ಆಧಾರವಾಯಿತು. ಅರ್ಜಿ ಕೊಡುವ ಅವಧಿಯು 1979ನೇ ಜೂನ್ 30ರ ವರೆಗೂ ಮುಂದುವರಿಯಿತು. ಬಂದ ಅರ್ಜಿಗಳು ಸುಮಾರು 8 ಲಕ್ಷ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಕ್ಕಲುಗಳ ಪಕ್ಷವಾಗಿ ತೀರ್ಮಾನವಾದವು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪರರು ಅಗ್ಗದ ಬೆಲೆಗೆ ಕೊಂಡುಕೊಳ್ಳದ ಹಾಗೆ 1978ರಲ್ಲಿ ಬೇರೊಂದು ಕಾಯಿದೆಯೂ ಆಯಿತು.

ಈ ಕಾರ್ಯವು ಎಲ್ಲರಿಗೂ ಸಮವಾಗಿ ಫಲಿಸಿತೆಂದು ಹೇಳಲಾಗದು. ತುಂಡುಭೂಮಿಯನ್ನು ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ವಿಧವೆಯರೂ ಅದನ್ನು ಕಳಕೊಂಡರು. ಗೇಣಿಯೂ ಇಲ್ಲದೆ ಬರೇ ಕೂಲಿಮಾಡುವವನಿಗೆ ಇದರಿಂದ ಹೊಲ ದೊರೆಯಲಿಲ್ಲ. ಇದಲ್ಲದೆ ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳನ್ನು ಕಾಯಿದೆಯು ಹೊರಗಿಟ್ಟಿತು. ಹೀಗೆ ನಮ್ಮ ಕುಂದೂರು ಮೊದಲಾದ ಆಲೂರು, ಸಕಲೇಶಪುರದ ಮಲೆಗಳಲ್ಲಿ ಗದ್ದೆಯ ಗೇಣಿದಾರನು ಹಕ್ಕು ಕೇಳಬಹುದಾಗಿದ್ದರೂ, ತೋಟದ ಲೈನಿನಲ್ಲಿ ವಾಸಿಸುವ ಆಳಿಗೆ ಆ ಬಾಗಿಲು ತೆರೆಯಲಿಲ್ಲ.

ಅರಸರು 1979ರಲ್ಲಿ ಇಂದಿರಾ ಗಾಂಧಿಯವರ ಪಕ್ಷದಿಂದ ಬೇರೆಯಾಗಿ, 1980ನೇ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟರು. 1982ನೇ ಜೂನ್ 6ರಂದು ಮರಣಹೊಂದಿದರು. ಅಧಿಕಾರವು ಹೋದರೂ ಅವರ ಕಾಲದಲ್ಲಿ ಒಕ್ಕಲುಗಳಿಗೆ ಸಿಕ್ಕಿದ ಹಕ್ಕುಗಳು ಅವರ ಹಿಂದೆಯೂ ಉಳಿದವು.

ಪ್ರಿಯ ವಾಚಕರೇ, ಇದರಿಂದ ನಾವು ತಿಳಿಯತಕ್ಕದ್ದೇನಂದರೆ, ಬೆವರಿಗೆ ಪತ್ರದ ಬೆಂಬಲವಿಲ್ಲದಿದ್ದರೆ ಅದು ವ್ಯಾಜ್ಯದಲ್ಲಿ ಸೋಲುವದು ಸುಲಭ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಬಾರದೆಂದು ಅರಸರ ಕಾಲದಲ್ಲಿ ಬಿಗಿಮಾಡಿದ್ದ ಕಟ್ಟನ್ನು 2020ರಲ್ಲಿ ಸರ್ಕಾರವು ತೆಗೆದುಹಾಕಿತು. ದೂರದ ಪಟ್ಟಣದ ಹಣಕ್ಕೆ ಹಳ್ಳಿಯ ಹೊಲದ ದಾರಿ ತಿರುಗಿ ತೆರೆಯಿತು. ಆದಕಾರಣ ತಂದೆಗೆ ಬಂದ ಹಕ್ಕುಪತ್ರವನ್ನು ಜೋಪಾನವಾಗಿಡಿರಿ. ಪಹಣಿಯಲ್ಲಿ ಯಾರ ಹೆಸರಿದೆಯೆಂದು ಓದಿಸಿ ತಿಳುಕೊಳ್ಳಿರಿ. ತಂದೆ ತೀರಿಹೋಗಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಮರೆಯಬೇಡಿರಿ. ಮದುವೆಯ ಸಾಲಕ್ಕೂ ಮಾತಿನ ಮರುಳಿಗೂ ಸಿಕ್ಕಿ ಬರೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ. ಬಹು ಕಷ್ಟದಿಂದ ಬಂದ ಹಕ್ಕನ್ನು ಕಾಯುವದು ಅದನ್ನು ಪಡೆದವರ ಮಕ್ಕಳ ಕೆಲಸವಾಗಿದೆ.