ಓರೆಹಲ್ಲು ಚಿಕಿತ್ಸೆಯ ಹರಿಕಾರ ಎಡ್ವರ್ಡ್ ಆ್ಯಂಗಲ್

ಮಗುವಿನ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸಲು ಹೋದಾಗ, ಗಟ್ಟಿಯಾಗಿರುವ ನಾಲ್ಕು ಹಲ್ಲು ಕೀಳಬೇಕೆಂದು ವೈದ್ಯರು ಹೇಳಿದರೆ ಪಾಲಕರಿಗೆ ದಿಗಿಲಾಗುವುದು ಸಹಜ. ಹಾಗೆ ಕೀಳುವುದನ್ನು ಕಟುವಾಗಿ ವಿರೋಧಿಸಿದವರು ಅಮೆರಿಕದ ದಂತವೈದ್ಯ ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್.

1855ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜನಿಸಿದ ಆ್ಯಂಗಲ್ 1878ರಲ್ಲಿ ದಂತವೈದ್ಯ ಪದವಿ ಪಡೆದರು. ಮೇಲಿನ ಹಾಗೂ ಕೆಳಗಿನ ಮೊದಲ ಕಾಯಂ ದವಡೆಹಲ್ಲುಗಳು ಕೂಡುವ ಬಗೆಯನ್ನು ಆಧರಿಸಿ, 1899ರಲ್ಲಿ ಹಲ್ಲುಸಾಲಿನ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ದಂತವೈದ್ಯರು ಇಂದಿಗೂ ಬಳಸುತ್ತಿರುವುದು ಇದೇ ವಿಂಗಡಣೆಯನ್ನು. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಈ ವಿದ್ಯೆಗೇ ಮೀಸಲಾದ ಶಾಲೆ ತೆರೆದರು.

ಎಲ್ಲ ಹಲ್ಲುಗಳೂ ಉಳಿಯಬೇಕು, ಹಲ್ಲುಸಾಲಿನ ಕಮಾನನ್ನು ಹಿಗ್ಗಿಸಿದರೆ ಅವಕ್ಕೆ ಜಾಗ ದೊರೆಯುತ್ತದೆ ಎಂಬುದು ಅವರ ಅಚಲ ನಂಬಿಕೆ. ಕೆಲವರಿಗಾದರೂ ಕೀಳುವುದು ಅನಿವಾರ್ಯವೆಂದ ಕ್ಯಾಲ್ವಿನ್ ಕೇಸ್ ಅವರ ವಾದಕ್ಕೆ ಆ್ಯಂಗಲ್ ಪಾಳೆಯ ಜಗ್ಗಲಿಲ್ಲ. ಭಿನ್ನಮತ ಸಹಿಸುವ ಸ್ವಭಾವ ಆ್ಯಂಗಲ್ ಅವರದಾಗಿರಲಿಲ್ಲ.

ಅವರ ಶ್ರೇಷ್ಠ ಕೊಡುಗೆ 1920ರ ದಶಕದ ಎಜ್‌ವೈಸ್ ಸಾಧನ. ಬ್ರ್ಯಾಕೆಟ್‌ನ ಆಯತಾಕಾರದ ಸೀಳಿನಲ್ಲಿ ಆಯತಾಕಾರದ ತಂತಿ ಬಿಗಿಯಾಗಿ ಕೂರುವುದರಿಂದ, ಹಲ್ಲು ಬರೀ ವಾಲದೆ ಅದರ ಬೇರೂ ಸರಿಯುತ್ತದೆ. ಇಂದಿನ ಲೋಹದ ಮತ್ತು ಸೆರಾಮಿಕ್ ಕ್ಲಿಪ್‌ಗಳು ಇದರದೇ ಸಂತತಿ. 1990ರ ದಶಕದ ಕೊನೆಗೆ ಬಂದ, ತಂತಿಯಿಲ್ಲದ ಪಾರದರ್ಶಕ ಅಲೈನರ್‌ಗಳು ಕಣ್ಣಿಗೆ ಬೀಳುವುದಿಲ್ಲ, ಊಟಕ್ಕೆ ತೆಗೆದಿಡಬಹುದು. ಆದರೆ ಬೇರನ್ನು ತಿರುಗಿಸುವಲ್ಲಿ ತಂತಿಯಷ್ಟು ಹಿಡಿತ ಅವಕ್ಕಿಲ್ಲ.

ಆ್ಯಂಗಲ್ 1930ರ ಆಗಸ್ಟ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ನಿಧನರಾದರು. ಗುರುವಿನ ಕ್ರಮದಂತೆ ತಾವೇ ನೇರಗೊಳಿಸಿದ ಹಲ್ಲುಗಳು ಮತ್ತೆ ಓರೆಯಾಗುವುದನ್ನು ಕಂಡ ಶಿಷ್ಯ ಚಾರ್ಲ್ಸ್ ಟ್ವೀಡ್, ಅದೇ ರೋಗಿಗಳ ನಾಲ್ಕು ಹಲ್ಲು ಕೀಳಿಸಿ ಮರುಚಿಕಿತ್ಸೆ ನೀಡಿ, 1940ರಲ್ಲಿ ಫಲಿತಾಂಶ ಮುಂದಿಟ್ಟರು. ಅದಕ್ಕೆ ಅವರು ಬಳಸಿದ್ದು ಗುರುವಿನ ಎಜ್‌ವೈಸ್ ಸಾಧನವನ್ನೇ.