ಹಕ್ಕಿಗಳನ್ನು ನಾಡಿಗೆ ತೋರಿಸಿಕೊಟ್ಟ ಸಲೀಂ ಅಲಿ

ಮುಂಬಯಿಯ ಫೋರ್ಟ್ ಭಾಗದಲ್ಲಿ ದುಡಿಯುವ ನಮ್ಮ ಬಾಂಧವರಲ್ಲಿ ಅನೇಕರು ಪ್ರತಿನಿತ್ಯವೂ ದೊಡ್ಡ ಗುಮ್ಮಟದ ವಸ್ತುಸಂಗ್ರಹಾಲಯದ ಮುಂದೆ ಹಾದುಹೋಗುವವರೇ ಆಗಿದ್ದಾರೆ. ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನು ಹೊತ್ತಿರುವ ಆ ಭವನವು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿಕೊಂಡಿದ್ದ ಕಾಲದಲ್ಲಿ, 1926ರಲ್ಲಿ, ಅಲ್ಲಿನ ಪ್ರಾಣಿಪಕ್ಷಿಗಳ ವಿಭಾಗಕ್ಕೆ ಒಬ್ಬ ತರುಣರು ಮಾರ್ಗದರ್ಶಕ ಉಪನ್ಯಾಸಕರಾಗಿ ನೇಮಕಗೊಂಡರು. ವೇತನ ತಿಂಗಳಿಗೆ 350 ರೂಪಾಯಿ. ನೋಡಬಂದವರನ್ನು ಗಾಜಿನ ಕಪಾಟುಗಳ ಮುಂದೆ ನಿಲ್ಲಿಸಿ, ಇದು ಇಂಥ ಹಕ್ಕಿ, ಇದರ ನಡೆನುಡಿ ಹೀಗೆ ಎಂದು ವಿವರಿಸುವುದೇ ಅವರ ಉದ್ಯೋಗ. ಮುಂದೆ ಭಾರತದ ಪಕ್ಷಿಶಾಸ್ತ್ರಕ್ಕೆ ಪಿತಾಮಹರೆನಿಸಿದ ಡಾ. ಸಲೀಂ ಅಲಿಯವರೇ ಆ ತರುಣರು. ಅನಂತರದ ಅವರ ದೀರ್ಘ ಜೀವನವೆಲ್ಲ ಈ ಮೊದಲ ಉದ್ಯೋಗದ ವಿಸ್ತಾರವೇ ಆಗಿತ್ತೆಂದು ನಮಗೆ ತೋರುತ್ತದೆ. ಗಾಜಿನ ಕಪಾಟು ಹೋಗಿ ಅದರ ಸ್ಥಾನದಲ್ಲಿ ಕೆರೆಯೂ ಹೊಳೆಯೂ ಜೌಗುನೆಲವೂ ಬಂದವು, ಅಷ್ಟೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಶೈಶವದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಖೇತವಾಡಿಯ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕನಾಗಿದ್ದಾಗ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯೊಂದರ ಕೊರಳಲ್ಲಿ ಹಳದಿಯ ಮಚ್ಚೆ ಕಂಡಿತು. ಅದೇನೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಗದರಿಸಿ ಕಳುಹಿಸಲಿಲ್ಲ. ಸಂಗ್ರಹದ ಹಕ್ಕಿಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಒಬ್ಬ ಹುಡುಗನಿಗಾಗಿ ಹಿರಿಯರೊಬ್ಬರು ವ್ಯಯಿಸಿದ ಸ್ವಲ್ಪ ಹೊತ್ತು ಎಂಥ ಫಲವನ್ನು ಕೊಟ್ಟಿತು!

ಬರ್ಮಾದಲ್ಲಿ ಮನೆತನದ ವ್ಯಾಪಾರವನ್ನು ನೋಡಿಕೊಂಡದ್ದು ಕೈಗೂಡಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣಕ್ಕಾಗಿ ಸರಕಾರಿ ಪ್ರಾಣಿಶಾಸ್ತ್ರ ಇಲಾಖೆಯ ಹುದ್ದೆಯೂ ದೊರೆಯಲಿಲ್ಲ. ಮ್ಯೂಸಿಯಂ ಸೇರಿದ ಮೇಲೆ ಬರ್ಲಿನ್ನಿಗೆ ತೆರಳಿ ಎರ್ವಿನ್ ಸ್ಟ್ರೆಸೆಮನ್ನರಲ್ಲಿ ವ್ಯಾಸಂಗ ಮಾಡಿ 1930ರಲ್ಲಿ ಹಿಂದಿರುಗಿದರೆ, ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ದಂಪತಿಗಳು ಮುಂಬಯಿಯ ಕೊಲ್ಲಿಯಾಚೆಯ ಕಿಹೀಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ನಿರುದ್ಯೋಗದ ಆ ಮಳೆಗಾಲದಲ್ಲಿಯೇ ಗೀಜಗದ ಸಂಸಾರದ ಗುಟ್ಟು ಅವರಿಗೆ ಬಯಲಾಯಿತು. ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣವಾಗುತ್ತದೆ. ಅನಂತರ ಗಂಡು ಮತ್ತೊಂದು ಗೂಡಿಗೆ ಕೈಹಾಕಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಈ ಸಂಶೋಧನೆ ಅವರಿಗೆ ಕೀರ್ತಿಯನ್ನು ತಂದಿತು.

ಬಳಿಕ ದೇಶೀ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳು ಆರಂಭವಾದವು. ಹೈದರಾಬಾದು, ತಿರುವಾಂಕೂರು, ಕೊಚ್ಚಿಗಳಾದ ಮೇಲೆ ಮೈಸೂರಿನ ಸರದಿ. 1939ರಲ್ಲಿ ಪತ್ನಿ ತೆಹಮಿನಾ ತೀರಿಕೊಂಡಿದ್ದರು. ಆ ದುಃಖದ ದಿನಗಳಲ್ಲಿಯೇ ಅವರು ನಮ್ಮ ನಾಡಿನಲ್ಲಿ ಅಲೆದರು. ಶ್ರೀರಂಗಪಟ್ಟಣದ ಬಳಿ, ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಚಮಚದ ಕೊಕ್ಕಿನ ಹಕ್ಕಿ, ಬಾಯ್ಕಳಕ ಕೊಕ್ಕರೆಗಳು ಗುಂಪುಗುಂಪಾಗಿ ಗೂಡುಕಟ್ಟುತ್ತಿದ್ದವು. ಸುತ್ತಲೂ ನೀರಿರುವುದರಿಂದ ನೆಲದ ಶತ್ರುಗಳು ಮರಿಗಳನ್ನು ಸುಲಭವಾಗಿ ಮುಟ್ಟಲಾರವು. ಆಹಾರವೋ ಕೆಳಗೇ ಹರಿಯುತ್ತಿದೆ. ಊರಿನವರಿಗೆ ಇದು ಹೊಸದೇನಲ್ಲ. ಆದರೆ ಅದರ ಬೆಲೆಯನ್ನು ಮೈಸೂರಿನ ಅರಸರಿಗೆ ಮನಗಾಣಿಸಿದವರು ಸಲೀಂ ಅಲಿಯವರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಶಾಲೆಯ ಪ್ರವಾಸದಲ್ಲಿ ಅಲ್ಲಿ ದೋಣಿಯೇರಿದ ಮಕ್ಕಳು ಅಂಬಿಗನ ಬೆರಳಿನ ಜಾಡು ಹಿಡಿದು ಗೂಡು, ಮರಿ, ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ಇವನ್ನೆಲ್ಲ ಕಾಣುತ್ತಾರೆ. ಒಂದು ತಾಸಿನಲ್ಲಿ ಅಲ್ಲಿ ಕಲಿಯುವುದನ್ನು ಪಾಠದ ಕೊಠಡಿಯಲ್ಲಿ ಒಂದು ವರ್ಷದಲ್ಲಿಯೂ ಕಲಿಸಲಾಗದು.

1941ರಲ್ಲಿ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಸಾಮಾನ್ಯ ಓದುಗನ ಕೈಗೆ ವರ್ಣಚಿತ್ರಗಳೊಡನೆ ಪಕ್ಷಿಲೋಕವನ್ನೇ ಇತ್ತಿತು. ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ ಮೊದಲಾದ ಗೌರವಗಳು ವಾಚಕರಿಗೆ ತಿಳಿದಿರುವವೇ ಆಗಿವೆ.

ಹೆಚ್ಚು ವಿಚಾರಾರ್ಹವಾದುದು ಭರತಪುರದ ಕಥೆ. ಅಲ್ಲಿನ ಕೇವಲಾದೇವ ಜೌಗುಪ್ರದೇಶವು ಮಹಾರಾಜರ ಬೇಟೆಯ ತಾಣ. 1938ರ ನವೆಂಬರ್ 12ರಂದು, ಅಂದರೆ ಸಲೀಂ ಅಲಿಯವರ ಹುಟ್ಟುಹಬ್ಬದ ದಿನವೇ, ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ 4,273 ಹಕ್ಕಿಗಳನ್ನು ಹೊಡೆದುರುಳಿಸಿತ್ತು. ಸ್ವಾತಂತ್ರ್ಯಾನಂತರ ಆ ನೀರನ್ನು ಬಸಿದು ನೆಲವನ್ನು ಬೇಸಾಯಕ್ಕೆ ಕೊಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿಯವರು ಪಂಡಿತ ನೆಹರೂ ಅವರ ತನಕ ಮೊರೆಯೊಯ್ದು ಅದನ್ನು ಉಳಿಸಿದರು. 1956ರಲ್ಲಿ ಅದು ಪಕ್ಷಿಧಾಮವಾಯಿತು. ವಲಸೆಯ ಬಾತುಗಳ ಕಾಲಿಗೆ ಉಂಗುರ ತೊಡಿಸಿ ಅವು ಎಲ್ಲಿಂದ ಬರುತ್ತವೆಂದು ಅರಿಯುವ ಕಾರ್ಯವೂ ಅಲ್ಲಿ ನಡೆಯಿತು.

ಆದರೆ 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ದನ ಎಮ್ಮೆಗಳ ಪ್ರವೇಶವನ್ನು ನಿಷೇಧಿಸಲಾಯಿತು. ಮೇಯಿಸುವುದನ್ನು ತಡೆಯಬೇಕೆಂಬುದು ಸಲೀಂ ಅಲಿಯವರ ಸಲಹೆಯೂ ಆಗಿತ್ತು. ತಲೆಮಾರುಗಳಿಂದ ಅಲ್ಲಿ ಮೇವು ಕಂಡಿದ್ದ ಹಳ್ಳಿಗರು ಸಿಡಿದೆದ್ದರು. ಗೋಲಿಬಾರಿನಲ್ಲಿ ಕೆಲವರು ಮಡಿದರು. ಸೊಸೈಟಿಯ ವಿಜ್ಞಾನಿಗಳೇ ವರ್ಷಗಟ್ಟಲೆ ನಡೆಸಿದ ಅಧ್ಯಯನದಿಂದ ತಿಳಿದುಬಂದುದೇನೆಂದರೆ, ಎಮ್ಮೆಗಳು ಇಲ್ಲದಾದ ಮೇಲೆ ಹುಲ್ಲು ಹಬ್ಬಿ ತಿಳಿನೀರನ್ನು ಮುಚ್ಚಿತು, ಬಾತುಗಳಿಗೆ ಇಳಿಯಲು ಎಡೆ ಕಡಿಮೆಯಾಯಿತು. ಮಹಾನುಭಾವರ ಸಲಹೆಯೆಂದು ಇದನ್ನು ಮರೆಮಾಚುವುದು ನಮಗೆ ಸರಿಯೆನಿಸದು. ಅವರು ಕಟ್ಟಿ ಬೆಳೆಸಿದ ಸಂಸ್ಥೆಯೇ ಅದನ್ನು ಒರೆಗೆ ಹಚ್ಚಿ ಫಲಿತಾಂಶವನ್ನು ಲೋಕದ ಮುಂದಿಟ್ಟಿತೆಂಬುದು ಅವರ ಶಿಕ್ಷಣಕ್ಕೆ ಸಲ್ಲುವ ಗೌರವವೇ ಸರಿ. ಮುಂದೆ ಹಳ್ಳಿಗರಿಗೆ ಹುಲ್ಲು ಕೊಯ್ಯಲು ಅನುಮತಿ ದೊರೆಯಿತು. ಆ ಉದ್ಯಾನದ ಹಾದಿಯಲ್ಲಿ ಸೈಕಲ್ ರಿಕ್ಷಾ ತುಳಿಯುವವರು ಹಕ್ಕಿಗಳ ಹೆಸರು ಕಲಿತು, ದುರ್ಬೀನು ಹಿಡಿದು ಪ್ರವಾಸಿಗಳಿಗೆ ತೋರಿಸುವವರಾದರು. ಸಲೀಂ ಅಲಿಯವರ ಮೊದಲ ಉದ್ಯೋಗ ಹೀಗೆ ಅವರ ಪಾಲಿಗೂ ಬಂದಿತು.

1987ರ ಜೂನ್ 20ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಸಲೀಂ ಅಲಿಯವರು ಮುಂಬಯಿಯಲ್ಲಿ ನಿಧನರಾದರು. ಸೊಸೈಟಿಯು ಗೋರೆಗಾಂವದಲ್ಲಿ ಕಾಡಿನ ಅಂಚಿಗೆ ಶಿಕ್ಷಣ ಕೇಂದ್ರವನ್ನು ತೆರೆದು ಶಾಲಾಮಕ್ಕಳನ್ನು ಕಾಲುದಾರಿಗಳಲ್ಲಿ ನಡೆಸಿಕೊಂಡು ಹೋಗುತ್ತದೆ. ಠಾಣೆಯ ಖಾಡಿ 2015ರಲ್ಲಿ ಫ್ಲೆಮಿಂಗೋ ಪಕ್ಷಿಧಾಮವಾಯಿತು. 2022ರಲ್ಲಿ ರಂಗನತಿಟ್ಟಿನಂತೆಯೇ ಅದೂ ರಾಮ್ಸಾರ್ ಪಟ್ಟಿಗೆ ಸೇರಿತು. ಐರೋಲಿಯಿಂದ ಅಲ್ಲಿಗೆ ದೋಣಿಗಳು ಹೊರಡುತ್ತವೆ. ಉಬ್ಬರವಿಳಿತವನ್ನು ನೋಡಿಕೊಂಡು ಹೊರಡುವುದರಿಂದ, ಮಕ್ಕಳನ್ನು ಕರೆದೊಯ್ಯುವವರು ಸಮಯವನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಲೇಸು.